ಫೈರೋಜ್ ತಟ್ಟದ ಬಾಗಿಲು

ಫ್ರಾಂಕ್‌ಫರ್ಟ್

"ಕಂಪ್ಯೂಟರ್?" ಎಂದು ಕೇಳಿದ ವಲಸೆ ಅಧಿಕಾರಿ, ನನ್ನ ಪಾಸ್‌ಪೋರ್ಟ್ ಬಿಡಿಸುವ ಮೊದಲೇ.

"ಅಲ್ಲ, ನೀರು" ಎಂದೆ.

ಅವನು ಮುಖ ಎತ್ತಿ ನೋಡಿದ. ಐವತ್ತು ದಾಟಿದ, ಸೀರೆಯ ಮೇಲೆ ಗಂಡನ ಸ್ವೆಟರ್ ಹಾಕಿಕೊಂಡ ಈ ಹೆಂಗಸಿಗೆ ಬಾಯಾರಿಕೆಯಾಗಿದೆ ಎಂದುಕೊಂಡಿರಬೇಕು. ಸಾಮಾನು ಬರುವ ಕಡೆ ಅಂಗಡಿ ಇದೆ ಎಂದು ಕೈ ತೋರಿಸಿ ಮುದ್ರೆ ಒತ್ತಿದ. ನಾನು ಮಂಗಳೂರಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೈಡ್ರಾಲಿಕ್ಸ್ ಕಲಿಸುವವಳು, ಕಾಲುವೆಯಲ್ಲಿ ನೀರು ಹೇಗೆ ಹರಿಯುತ್ತದೆ, ಹೂಳು ಎಲ್ಲಿ ನಿಲ್ಲುತ್ತದೆ ಎನ್ನುವುದೇ ನನ್ನ ಹೊಟ್ಟೆಪಾಡು ಎಂದೆಲ್ಲ ವಿವರಿಸಲು ಹಿಂದೆ ನಿಂತವರು ಬಿಡಲಿಲ್ಲ.

ಗ್ರೀನ್ ಕಾರ್ಡ್ ಕೊಟ್ಟು ಸಾಫ್ಟ್‌ವೇರ್‌ನವರನ್ನು ಜರ್ಮನಿ ಕರೆಸಿಕೊಳ್ಳುತ್ತಿದ್ದ ವರ್ಷಗಳವು. ಕಂದು ಮುಖ ಕಂಡರೆ ಸಾಕು, ಅಲ್ಲಿಯವರಿಗೆ ಕಂಪ್ಯೂಟರ್ ನೆನಪಾಗುತ್ತಿತ್ತು. ನಾನು ಅಲ್ಲಿದ್ದ ಮೂರು ವಾರಗಳಲ್ಲಿ ಮನೆಯೊಡತಿ ತನ್ನ ಪ್ರಿಂಟರ್ ತೋರಿಸಿದಳು. ಟ್ರಾಮಿನಲ್ಲಿ ಪಕ್ಕದ ಮುದುಕ ತನ್ನ ಇ-ಮೇಲ್ ಯಾಕೆ ತೆರೆಯುತ್ತಿಲ್ಲ ಎಂದು ಕೇಳಿದ. ನಮ್ಮ ವಿಭಾಗದ ಕಂಪ್ಯೂಟರನ್ನು ಬೆಳಿಗ್ಗೆ ಆನ್ ಮಾಡುವುದು ಅಟೆಂಡರ್ ಕೆಲಸ, ನಾನು ಅದನ್ನು ಮುಟ್ಟಿದರೆ ಅದಕ್ಕೂ ಭಯ, ನನಗೂ ಭಯ.

ಸಾಫ್ಟ್‌ವೇರ್‌ನವರ ಜೊತೆಗೇ ಜರ್ಮನಿಯ ವಿದ್ಯಾಲಯಗಳಿಗೆ ಹೊರದೇಶದ ವಿದ್ಯಾರ್ಥಿಗಳೂ ಬೇಕಾಗಿದ್ದರು. ಅದುವರೆಗೆ ಜರ್ಮನ್ ಬಾರದವರಿಗೆ ಒಳಗೆ ಜಾಗವಿರಲಿಲ್ಲ. ಈಗ ಇಂಗ್ಲಿಷಿನಲ್ಲೇ ಮಾಸ್ಟರ್ಸ್ ತೆರೆದು, ಕೈಯಲ್ಲಿ ಬಣ್ಣದ ಪುಸ್ತಿಕೆ ಹಿಡಿದು, ಊರೂರು ತಿರುಗುತ್ತಿದ್ದರು. ಹಾಗೆ ನಮ್ಮ ಕಾಲೇಜಿಗೂ ಬಂದರು. ನಾವು ಹಾರ ಹಾಕಿದೆವು, ಶಾಲು ಹೊದಿಸಿದೆವು, ನೀರುದೋಸೆ ತಿನ್ನಿಸಿದೆವು, ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡೆವು. ಮೊದಲ ವಿದ್ಯಾರ್ಥಿಯಾಗಿ ಫೈರೋಜ್‌ನನ್ನು ಕಳಿಸಿದೆವು.

ಅವನೇ ನನ್ನನ್ನು ಕರೆದೊಯ್ಯಲು ಬಂದಿದ್ದ. ಉಳ್ಳಾಲದ ಹುಡುಗ, ನಮ್ಮಲ್ಲಿ ರ‍್ಯಾಂಕ್ ಪಡೆದವನು. ನನ್ನ ಎರಡೂ ಪೆಟ್ಟಿಗೆಗಳನ್ನು ಕಿತ್ತುಕೊಂಡು ಮುಂದೆ ನಡೆದ. ಹೇಗಿದ್ದೀಯಾ ಎಂದರೆ "ಒಳ್ಳೆದುಂಟು ಮೇಡಂ" ಎಂದ. ಥೀಸಿಸ್ ಹೇಗೆ ನಡೆದಿದೆ ಎಂದು ಕೇಳಿದ್ದಕ್ಕೂ "ನಡೀತಾ ಉಂಟು ಮೇಡಂ" ಎಂದ. ಮುಖ ಮಾತ್ರ ಸೊರಗಿತ್ತು. ಚಳಿ ಇರಬೇಕು ಎಂದುಕೊಂಡೆ.

ನನ್ನ ಪ್ರಯಾಣಕ್ಕೆ ಎರಡು ಕಾರಣಗಳಿದ್ದವು. ಅಲ್ಲೊಂದು ಉಪನ್ಯಾಸ ಕೊಡುವುದು ಹೆಸರಿಗೆ. ಒಪ್ಪಂದವನ್ನು ಮುಂದುವರಿಸಿಕೊಂಡು ಬರುವುದು ನಿಜವಾದ ಕೆಲಸ. ಮುಂದಿನ ವರ್ಷಕ್ಕೆ ಸಂದೀಪ, ವಿನುತಾ ಎಂಬ ಇಬ್ಬರನ್ನು ಆರಿಸಿ ಇಟ್ಟಿದ್ದೆವು. ಫೈರೋಜ್ ಪಾಸಾದರೆ ಅವರಿಗೆ ದಾರಿ. ಇಲ್ಲದಿದ್ದರೆ ಅವನು ಬರಿಗೈಯಲ್ಲಿ ಊರಿಗೆ ಬರಬೇಕು, ಒಪ್ಪಂದವೂ ಅಲ್ಲಿಗೇ ಮುಗಿಯಿತು. ಹೊರಡುವಾಗ ಪ್ರಿನ್ಸಿಪಾಲರು ಇದನ್ನು ಸೂಚ್ಯವಾಗಿಯೇನೂ ಹೇಳಿರಲಿಲ್ಲ.

ಡಾರ್ಮ್‌ಸ್ಟಾಟ್

ನನ್ನ ಬಿಡಾರ ಡಾರ್ಮ್‌ಸ್ಟಾಟ್‌ನಲ್ಲಿ, ಫ್ರಾವ್ ಕೆಲ್ಲರ್ ಎಂಬ ವಿಧವೆಯ ಮನೆಯ ಮೇಲಂತಸ್ತಿನ ಕೋಣೆ. ಆಕೆ ಮೊದಲ ಗಂಟೆಯಲ್ಲೇ ನನಗೆ ಕಸ ಕಲಿಸಿದಳು. ಕಾಗದ ನೀಲಿ ಡಬ್ಬಿಗೆ, ಸಿಪ್ಪೆ ಕಂದು ಡಬ್ಬಿಗೆ, ಪ್ಲಾಸ್ಟಿಕ್ ಹಳದಿ ಚೀಲಕ್ಕೆ. ಚಹಾದ ಪೊಟ್ಟಣವೊಂದರಲ್ಲಿ ಎಲೆ, ಕಾಗದ, ದಾರ, ಲೋಹದ ಪಿನ್ನು ನಾಲ್ಕೂ ಇದ್ದವು. ಅದನ್ನು ಎಲ್ಲಿ ಹಾಕಲಿ ಎಂದು ಕೇಳಿದೆ. ಆಕೆ ಕುರ್ಚಿ ಎಳೆದುಕೊಂಡು ಕೂತು ಯೋಚಿಸಿದಳು. ತಮಾಷೆ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ರಸ್ತೆ ದಾಟುವುದು ಇನ್ನೊಂದು ವಿದ್ಯೆ. ಬೆಳಿಗ್ಗೆ ಬೇಗ, ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ ಕೂಡ ಇಲ್ಲ. ಆದರೂ ಕೆಂಪು ದೀಪಕ್ಕೆ ಐದಾರು ಜನ ಮೌನವಾಗಿ ನಿಂತಿದ್ದಾರೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿನ ಮೂತಿ ಸವರಿಕೊಂಡು ದಾಟಿ ಬೆಳೆದ ನಾನು ಸಹಜವಾಗಿ ನಡೆದೆ. ಹಿಂದಿನಿಂದ ಒಬ್ಬ ಹೆಂಗಸು ಏನೋ ಕೂಗಿದಳು. ಮಕ್ಕಳು ನೋಡಿ ಕಲಿಯುತ್ತಾರೆ ಎಂದು ಹೇಳಿದ್ದಂತೆ. ಅಲ್ಲಿ ಒಂದು ಮಗುವೂ ಇರಲಿಲ್ಲ. ಆದರೂ ಮರುದಿನದಿಂದ ನಾನೂ ನಿಂತೆ.

ಪ್ರಯೋಗಾಲಯ

ಫೈರೋಜ್ ಓದುತ್ತಿದ್ದ ವಿದ್ಯಾಲಯ ಡಾರ್ಮ್‌ಸ್ಟಾಟ್‌ನಿಂದ ರೈಲಿನಲ್ಲಿ ಹೋಗುವ ಒಂದು ಸಣ್ಣ ಊರಿನಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ, ಅವನ ಪ್ರೊಫೆಸರರನ್ನು ಹಾರ್ಟ್‌ವಿಗ್ ಎಂದು ಕರೆಯುತ್ತೇನೆ. ನಿಜವಾದ ಹೆಸರು ನಮ್ಮ ವಿಷಯದವರಿಗೆಲ್ಲ ಗೊತ್ತು. ಬಾಗುವ ಕಾಲುವೆಯಲ್ಲಿ ಮರಳು ಎಲ್ಲಿ ಕೂರುತ್ತದೆ ಎಂದು ಲೆಕ್ಕ ಹಾಕುವ ಅವರ ಸೂತ್ರವನ್ನು ನಾನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪರೀಕ್ಷೆಗೆ ಇದು ಗ್ಯಾರಂಟಿ ಎಂದು ಹೇಳಿದ್ದೇನೆ.

ವಿದ್ಯಾಲಯದ ಕಾರಿಡಾರಿನಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಇತ್ತು. ಗೋಡೆಗೆ ಪ್ರಪಂಚದ ಭೂಪಟ ಅಂಟಿಸಿ, ವಿದ್ಯಾರ್ಥಿಗಳು ಬಂದ ಊರಿಗೆಲ್ಲ ಗುಂಡುಸೂಜಿ ಚುಚ್ಚಿದ್ದರು. ಚೀನಾದಲ್ಲಿ ಸೂಜಿಗೆ ಜಾಗವಿರಲಿಲ್ಲ. ಕ್ಯಾಮರೂನ್, ಬಲ್ಗೇರಿಯಾಗಳಲ್ಲಿ ಅಷ್ಟಿಷ್ಟು. ನಮ್ಮ ಕರಾವಳಿಯಲ್ಲಿ ಒಂದೇ ಒಂದು, ಅದೂ ಸ್ವಲ್ಪ ಪಡುವಣಕ್ಕೆ ಸರಿದು ಸಮುದ್ರದಲ್ಲಿತ್ತು. ಬಾಗಿಲುಗಳ ಮೇಲೆ ಜರ್ಮನ್ ಫಲಕದ ಕೆಳಗೆ ಇಂಗ್ಲಿಷ್ ಫಲಕ ಹೊಸದಾಗಿ ಬಂದಿತ್ತು. ಶೌಚಾಲಯ ಶುಚಿಗೊಳಿಸುವವರ ಸೂಚನೆಯೂ ಇಂಗ್ಲಿಷಿನಲ್ಲಿತ್ತು, ಅದನ್ನು ಬರೆದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ನನ್ನ ಉಪನ್ಯಾಸ ಹತ್ತಕ್ಕೆ ಎಂದು ಹಚ್ಚಿದ್ದರು. ಜರ್ಮನರ ಸಮಯಪಾಲನೆಯ ಬಗ್ಗೆ ಕೇಳಿದ್ದರಿಂದ ಮೊದಲೇ ಹೋಗಿ ನಿಂತೆ. ಹತ್ತಾಯಿತು, ಒಂದು ನರಪಿಳ್ಳೆ ಇಲ್ಲ. ಊರಲ್ಲಾದರೆ ಮೈಕಿನವನಾದರೂ ಬಂದಿರುತ್ತಿದ್ದ. ಇಷ್ಟು ದೂರ ಕರೆಸಿ ಅವಮಾನ ಮಾಡಿದರಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ಬಂದು ಕೂತರು. ವಿದ್ಯಾಲಯದ ಒಳಗೆ ಹತ್ತು ಎಂದರೆ ಹತ್ತೂಕಾಲು, ಇದು ಹಳೆಯ ಕಾಲದ ರಿವಾಜು ಎಂದು ಹಾರ್ಟ್‌ವಿಗ್ ಹೇಳಿದರು. ಅಂತೂ ನಮಗೂ ಅವರಿಗೂ ಒಂದು ಹೋಲಿಕೆ ಸಿಕ್ಕಿತು.

ಮಾತು ಮುಗಿಸಿದಾಗ ಅಷ್ಟೂ ಜನ ಬೆರಳ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ನಮ್ಮಲ್ಲಿ ಹಿಂದಿನ ಬೆಂಚಿನವರು ಹೀಗೆ ಕುಟ್ಟಿದರೆ ಸಾಕು ನಿಲ್ಲಿಸಿ ಎಂದು ಅರ್ಥ. ನಾನು ಕಾಗದ ಮಡಚಿ ಇಳಿದು ಹೊರಟೇಬಿಟ್ಟೆ. ಅವರ ಚಪ್ಪಾಳೆ ಅದೇ ಅಂತೆ. ಫೈರೋಜ್ ಓಡಿ ಬಂದು ನಿಲ್ಲಿಸಿದ.

ಆಮೇಲೆ ಹಾರ್ಟ್‌ವಿಗ್ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಎತ್ತರದ, ಉಗುರು ಚಿಕ್ಕದಾಗಿ ಕತ್ತರಿಸಿಕೊಂಡ, ಮಾತಿಗೆ ಮುಂಚೆ ಯೋಚಿಸುವ ಮನುಷ್ಯ.

"ನಿಮ್ಮ ವಿದ್ಯಾರ್ಥಿ ಬಹಳ ಸಭ್ಯ" ಎಂದರು. "ಆದರೆ ಅವನು ಏನು ಯೋಚಿಸುತ್ತಾನೆ ಎಂದು ನನಗೆ ಗೊತ್ತಿಲ್ಲ. ಥೀಸಿಸ್ ಶುರುವಾದ ಮೇಲೆ ಒಮ್ಮೆಯೂ ನನ್ನ ಹತ್ತಿರ ಬಂದಿಲ್ಲ. ಮಂಗಳವಾರ ವಿದ್ಯಾರ್ಥಿಗಳಿಗೆಂದೇ ನಾನು ಇಲ್ಲಿ ಕೂತಿರುತ್ತೇನೆ. ಎಲ್ಲರೂ ಬರುತ್ತಾರೆ. ಅವನಿಲ್ಲ."

"ಕರಡು ಕೊಟ್ಟಿದ್ದಾನಲ್ಲ?"

"ಕೊಟ್ಟಿದ್ದಾನೆ. ಅದರಲ್ಲಿ ನಾನು ಬರೆದದ್ದೇ ಇದೆ. ನನ್ನ ಪ್ರಬಂಧಗಳು ನನಗೆ ಮೊದಲೇ ಗೊತ್ತು. ಮುಂದಿನ ಶುಕ್ರವಾರ ಮೌಖಿಕ ಪರೀಕ್ಷೆ. ಹೀಗೇ ಇದ್ದರೆ ನಾನು ಪಾಸು ಮಾಡಲಾರೆ. ಆಗ ಒಪ್ಪಂದ ಮುಂದುವರಿಸಿ ಎಂದು ಸಮಿತಿಗೆ ಹೇಳುವುದೂ ನನಗೆ ಕಷ್ಟ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮೆನ್ಸಾ

ವಿದ್ಯಾರ್ಥಿಗಳ ಊಟದ ಮನೆಗೆ ಮೆನ್ಸಾ ಎನ್ನುತ್ತಾರೆ. ತರಕಾರಿ ಸೂಪ್ ಎಂದು ಬರೆದ ಪಾತ್ರೆಯ ಮುಂದೆ ನಾನು ತಟ್ಟೆ ಚಾಚಿದೆ. ಫೈರೋಜ್ ತಡೆದ. "ಬೇಡ ಮೇಡಂ, ಅದ್ರಲ್ಲಿ ಹಂದಿ ಉಂಟು." ಬಡಿಸುವವಳು ಎರಡು ಬೆರಳು ಹತ್ತಿರ ತಂದು ಚೂರೇ ಚೂರು ಎಂದು ತೋರಿಸಿದಳು. ಇಬ್ಬರೂ ಆಲೂಗಡ್ಡೆ ತೆಗೆದುಕೊಂಡು ಕಿಟಕಿಯ ಬಳಿ ಕೂತೆವು.

"ಎಂತ ಮಾರಾಯ ನೀನು? ಒಂದ್ಸಲವೂ ಪ್ರೊಫೆಸರ್ ಹತ್ರ ಹೋಗ್ಲಿಲ್ವಂತೆ?" ಎಂದೆ.

"ಹೋಗಿದ್ದೆ ಮೇಡಂ. ಪ್ರತೀ ಮಂಗಳವಾರ ಹೋಗಿದ್ದೆ."

"ಮತ್ತೆ ಅವ್ರು ನಿನ್ನ ಮುಖವೇ ಕಾಣ್ಲಿಲ್ಲ ಅಂತಾರಲ್ಲ?"

"ಬಾಗಿಲು ಹಾಕಿತ್ತು ಮೇಡಂ."

"ಹಾಕಿದ್ರೆ ತಟ್ಟುದಲ್ವಾ?"

"ಸರ್ ಒಳಗೆ ಇದ್ರು ಮೇಡಂ" ಎಂದ. ತಟ್ಟದೆ ಇದ್ದುದಕ್ಕೆ ಅದೇ ಕಾರಣ ಎನ್ನುವ ಹಾಗೆ ಹೇಳಿದ. ನನಗೂ ಕ್ಷಣ ಹೊತ್ತು ಅದು ಸರಿಯಾದ ಕಾರಣವೇ ಅನ್ನಿಸಿತು.

ನಮ್ಮ ಕಾಲೇಜಿನಲ್ಲಿ ಮೇಷ್ಟ್ರುಗಳ ಬಾಗಿಲು ತೆರೆದೇ ಇರುತ್ತದೆ. ವಿದ್ಯಾರ್ಥಿ ಬಂದು ಕಣ್ಣಿಗೆ ಬೀಳುವ ಹಾಗೆ ಹೊರಗೆ ನಿಲ್ಲುತ್ತಾನೆ. ನಾವು ಬರೆಯುವುದನ್ನು ಬರೆದು, ಚಹಾ ಮುಗಿಸಿ, ಆಮೇಲೆ ಏನು ಎಂಬಂತೆ ತಲೆ ಎತ್ತುತ್ತೇವೆ. ಬಾಗಿಲು ಮುಚ್ಚಿದೆ ಎಂದರೆ ಒಳಗೆ ಪ್ರಿನ್ಸಿಪಾಲರು ಯಾರಿಗೋ ಬಯ್ಯುತ್ತಿದ್ದಾರೆ ಎಂದರ್ಥ. ಈ ದೇಶದಲ್ಲಿ ಎಲ್ಲ ಬಾಗಿಲೂ ಸದಾ ಮುಚ್ಚಿರುತ್ತದೆ. ತಟ್ಟಿ, ಉತ್ತರಕ್ಕೆ ಕಾಯದೆ, ಹಿಡಿ ತಿರುಗಿಸಿ ನುಗ್ಗುವುದು. ಫೈರೋಜ್ ಅದನ್ನು ಕಣ್ಣಾರೆ ಕಂಡಿದ್ದ.

"ಬಾಕಿಯವ್ರು ತಟ್ಟಿ ಹೋಗ್ತಿದ್ರು ಮೇಡಂ. ಅವ್ರನ್ನು ಸರ್ ಕರ್ದಿರ್ಬೇಕು ಅಂತ ನಾನು ಎಣಿಸಿದ್ದು. ನನ್ನನ್ನು ಸಹ ಕರೀತಾರೆ ಅಂತ ಎದುರು ಗೋಡೆ ಹತ್ರ ನಿಂತ್ಕೊಳ್ತಿದ್ದೆ. ಆಮೇಲೆ ಸರ್ ಬೀಗ ಹಾಕಿ ಹೊರಡುವಾಗ ಗುಡ್ ಈವನಿಂಗ್ ಹೇಳ್ತಿದ್ದೆ. ಅವ್ರೂ ಹೇಳ್ತಿದ್ರು."

ಇವನು ಕರೆಯಲಿ ಎಂದು ಹೊರಗೆ, ಅವರು ಬರಲಿ ಎಂದು ಒಳಗೆ. ಇಡೀ ಚಳಿಗಾಲ ಹಾಗೇ ಹೋಗಿತ್ತು. ನಗು ಬಂತು, ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು.

"ಇನ್ನೊಂದು ಉಂಟು ಮೇಡಂ" ಎಂದ. "ಬನ್ನಿ, ತೋರಿಸ್ತೇನೆ."

ಪ್ರಯೋಗಾಲಯದಲ್ಲಿ ಗಾಜಿನ ಗೋಡೆಯ ಉದ್ದನೆಯ ಕಾಲುವೆ, ನಡುವೆ ಒಂದು ಬಾಗು. ಫೈರೋಜ್ ಪಂಪು ಹಾಕಿ, ಮೇಲ್ಗಡೆಯಿಂದ ಮರಳು ಬಿಟ್ಟ. ಹಾರ್ಟ್‌ವಿಗ್ ಸೂತ್ರದ ಪ್ರಕಾರ ಮರಳು ಬಾಗಿನ ಒಳಮಗ್ಗುಲಲ್ಲಿ ಕೂರಬೇಕು. ಅಲ್ಲಿ ತುಸು ಕೂತಿತು. ಉಳಿದದ್ದೆಲ್ಲ ಬಾಗು ದಾಟಿ ಇನ್ನೂ ಕೆಳಗೆ ಹೋಗಿ, ಗುಡ್ಡೆ ಕಟ್ಟಿಕೊಂಡು ನಿಂತಿತು.

"ನೀರಿನ ಹದ ತಪ್ಪಿರ್ಬಹುದು" ಎಂದೆ.

"ನಾನೂ ಹಾಗೇ ಎಣಿಸಿದೆ. ನೀರು ಬದಲಿಸಿದೆ, ಮರಳು ಬದಲಿಸಿದೆ, ಮತ್ತೆ ಮತ್ತೆ ಮಾಡಿದೆ. ನೀರು ನಿಧಾನ ಆದಾಗ ಸರ್‌ನ ಸೂತ್ರ ಕೂಡುದಿಲ್ಲ ಮೇಡಂ."

"ಮತ್ತೆ ಥೀಸಿಸ್‌ನಲ್ಲಿ ಬರೀಲಿಲ್ಲ ಯಾಕೆ?"

"ಹೇಗೆ ಬರೆಯುದು ಮೇಡಂ? ಸರ್‌ನದ್ದೇ ತಪ್ಪು ಅಂತಲಾ?"

ನಾನು ಗಾಜಿಗೆ ಮೂಗು ತಾಗಿಸಿ ಮರಳು ನೋಡಿದೆ. ಅದು ಕೂತಲ್ಲೇ ಕೂತಿತ್ತು.

ಗೋಡಂಬಿ

ಮರುದಿನ ನಾನು ಮಾಡಿದ್ದನ್ನು ನಮ್ಮ ಕಡೆಯ ಯಾವ ಮೇಷ್ಟ್ರಾದರೂ ಮಾಡುತ್ತಿದ್ದರು. ಊರಿಂದ ತಂದ ಗೋಡಂಬಿಯ ಪೊಟ್ಟಣ ಹಿಡಿದುಕೊಂಡು ಹಾರ್ಟ್‌ವಿಗ್ ಕೋಣೆಗೆ ಹೋದೆ. ಬಾಗಿಲು ತಟ್ಟಿದೆ, ಅಷ್ಟು ಕಲಿತಿದ್ದೆ. ಹುಡುಗ ಒಳ್ಳೆಯವನು, ತುಂಬ ಸಂಕೋಚದವನು, ಮನೆಯಲ್ಲಿ ಅವನ ಮೇಲೆ ಆಸೆ ಇಟ್ಟುಕೊಂಡಿದ್ದಾರೆ, ತಾವು ದೊಡ್ಡ ಮನಸ್ಸು ಮಾಡಬೇಕು ಎಂದೆ. ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟೆ.

ಅವರು ಗೋಡಂಬಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅವನು ನಿಮ್ಮನ್ನು ಕಳಿಸಿದನೇ?"

"ಇಲ್ಲ."

"ನೀವು ಬಂದಿದ್ದು ಅವನಿಗೆ ಗೊತ್ತೇ?"

"ಇಲ್ಲ."

"ಹಾಗಾದರೆ ಒಬ್ಬ ವಯಸ್ಕನ ಬಗ್ಗೆ ಅವನಿಲ್ಲದಾಗ ಮಾತಾಡುತ್ತಿದ್ದೇವೆ. ಅದು ಸರಿಯಲ್ಲ" ಎಂದರು. ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ವಾಪಸು ಕೊಟ್ಟರು. ಪರೀಕ್ಷೆಗೆ ಮುಂಚೆ ಏನನ್ನೂ ತೆಗೆದುಕೊಳ್ಳುವಂತಿಲ್ಲವಂತೆ.

"ಅವನು ಒಂದು ವಿಷಯ ಕಂಡುಹಿಡಿದಿದ್ದಾನೆ" ಎಂದು ಶುರುಮಾಡಿದೆ. ಅವರು ಅಂಗೈ ಎತ್ತಿದರು.

"ದಯವಿಟ್ಟು ಹೇಳಬೇಡಿ. ಇದ್ದರೆ ಶುಕ್ರವಾರ ಅವನೇ ಹೇಳಲಿ."

ಮುಂದಿನದು ಪರೀಕ್ಷೆಯ ವಾರವಾದ್ದರಿಂದ ಮಂಗಳವಾರದ ಭೇಟಿಯೂ ಇರಲಿಲ್ಲ. ಶುಕ್ರವಾರವೊಂದೇ ಉಳಿದಿತ್ತು. ಮೂವತ್ತು ವರ್ಷ ಪಾಠ ಹೇಳಿದವಳು ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಇಳಿಯುವಾಗ ಕಿವಿ ಬಿಸಿಯಾಗಿತ್ತು. ರೈಲಿನಲ್ಲಿ ಕೂತು ಅರ್ಧ ಗೋಡಂಬಿ ನಾನೇ ತಿಂದೆ.

ಎಷ್‌ಬಾರ್ನ್

ಭಾನುವಾರ ಫೈರೋಜ್‌ನ ಗೆಳೆಯ ಮಂಜುನಾಥನ ಮನೆಯಲ್ಲಿ ಊಟ. ಮಂಡ್ಯದವನು, ಗ್ರೀನ್ ಕಾರ್ಡ್ ಮೇಲೆ ಬಂದು ಎಷ್‌ಬಾರ್ನ್‌ನ ಒಂದು ಕಂಪನಿಯಲ್ಲಿದ್ದ. ಭಾನುವಾರದ ಎಷ್‌ಬಾರ್ನ್ ಎಂದರೆ ಗಾಜಿನ ಕಟ್ಟಡಗಳು ಮತ್ತು ಖಾಲಿ ಪಾರ್ಕಿಂಗ್. ಎಸ್-ಬಾನ್ ರೈಲಿನಿಂದ ಇಳಿದವರು ನಾವಿಬ್ಬರೇ. ಮಂಜುನಾಥನ ಹೆಂಡತಿ ಸುಮಾ ಬಿಸಿಬೇಳೆಬಾತ್ ಮಾಡಿದ್ದಳು. ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚಿದಳು, ವಾಸನೆ ಹೋದರೆ ಪಕ್ಕದ ಮನೆಯವರು ಹೌಸ್‌ಮೈಸ್ಟರ್‌ಗೆ ದೂರು ಕೊಡುತ್ತಾರಂತೆ. ಕಟ್ಟಡದ ಆ ಮೇಲ್ವಿಚಾರಕ ಒಮ್ಮೆ ಬಂದವನು ಎರಡು ತಟ್ಟೆ ತಿಂದು ಹೋಗಿದ್ದಾನೆ ಎಂದೂ ಹೇಳಿದಳು.

"ಲೇ ಮಗಾ, ಬಿಟ್ಟಾಕು ಅತ್ಲಾಗೆ" ಎಂದ ಮಂಜುನಾಥ, ಬಡಿಸುತ್ತಲೇ. "ನಮ್ ಕಂಪನೀಲಿ ನಿಂಗೆ ಜಾಗ ಐತೆ. ಬಾಸ್ ಹತ್ರ ಮಾತಾಡಿವ್ನಿ. ನಾಕು ತಿಂಗ್ಳು ಕೋಡಿಂಗ್ ಕಲ್ತ್ರೆ ಆಯ್ತು ಗುರು. ಮರಳು ಎಲ್ಲಿ ಕೂತ್ರೆ ನಿಂಗೇನು? ಮೇಡಮ್ಮೋರೆ, ನೀವಾದ್ರೂ ಹೇಳಿ."

ಮಂಜುನಾಥ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪರೀಕ್ಷೆಗೆ ಕೂತು ಫೇಲಾಗಿ ಹಿಂದಿರುಗುವುದಕ್ಕಿಂತ ಕೂರದೆ ಇಲ್ಲೇ ಉಳಿಯುವುದು ಮೇಲು ಎಂದು ನನ್ನ ಬುದ್ಧಿಯೂ ಹೇಳುತ್ತಿತ್ತು. ಒಪ್ಪಂದ ಹಾಳಾಗುವುದು ನನ್ನ ತಲೆನೋವು, ಅವನದಲ್ಲ.

"ಅನ್ನ ಹಾಕ್ಕೊಳ್ಳಿ" ಎಂದೆ.

ಫೈರೋಜ್ ಬಾಗಿಲ ಮುಂದೆ ನಿಂತ ಕತೆಯನ್ನು ಸುಮಾ ಮತ್ತೆ ಮತ್ತೆ ಕೇಳಿ ನಕ್ಕಳು. ಅವರ ಆರು ವರ್ಷದ ಮಗಳು ನಿಶಾ ಊಟ ನಿಲ್ಲಿಸಿ ಜರ್ಮನ್‌ನಲ್ಲಿ ಏನೋ ಕೇಳಿದಳು. "ಕನ್ನಡದಲ್ಲಿ ಹೇಳು ಪುಟ್ಟಿ" ಎಂದ ಮಂಜುನಾಥ. ಅವಳು ಇನ್ನಷ್ಟು ಗಟ್ಟಿಯಾಗಿ ಜರ್ಮನ್‌ನಲ್ಲೇ ಕೇಳಿದಳು.

"ಬಾಗಿಲಾಚೆ ಹುಲಿ ಇತ್ತಾ ಅಂತ ಕೇಳ್ತಾವ್ಳೆ" ಎಂದಳು ಸುಮಾ.

ಫೈರೋಜ್ ನಗಲಿಲ್ಲ. ವಾಪಸು ಬರುವ ರೈಲಿನಲ್ಲಿ, "ಮೇಡಂ, ಸರ್‌ನದ್ದು ತಪ್ಪು ಅಂತ ಎಲ್ಲರೆದುರು ಹೇಳಿದ್ರೆ ಅವ್ರಿಗೆ ಅವಮಾನ ಆಗುದಿಲ್ವಾ?" ಎಂದು ಕೇಳಿದ.

"ಆಗ್ಬಹುದು."

"ಪಾಸ್ ಮಾಡ್ಲಿಕ್ಕಿಲ್ಲ."

"ಮಾಡದೆಯೂ ಇರ್ಬಹುದು. ಹೇಳದಿದ್ರೆ ಪಾಸಾಗುದೇ ಇಲ್ಲ ಅಂತ ಅವ್ರೇ ನಂಗೆ ಹೇಳಿ ಆಗಿದೆ."

"ನೀವಾದ್ರೆ ಹೇಳ್ತಿದ್ರಾ ಮೇಡಂ?"

"ಇಲ್ಲ" ಎಂದೆ. ಸುಳ್ಳು ಹೇಳುವ ವಯಸ್ಸು ಅದಲ್ಲ.

ಶುಕ್ರವಾರ

ಪರೀಕ್ಷೆ ಎಂದರೆ ನಮ್ಮ ವೈವಾದ ಹಾಗೆ ಮುಚ್ಚಿದ ಕೋಣೆಯ ಗುಟ್ಟಲ್ಲ. ಯಾರು ಬೇಕಾದರೂ ಕೂತು ಕೇಳಬಹುದು. ಹಾರ್ಟ್‌ವಿಗ್ ಮತ್ತು ಇನ್ನೊಬ್ಬ ಪರೀಕ್ಷಕಿ ಮೊದಲ ಸಾಲಿನಲ್ಲಿ, ನಾನು ಕೊನೆಯಲ್ಲಿ, ನಡುವೆ ಒಂದಿಷ್ಟು ಸಹಪಾಠಿಗಳು. ಫೈರೋಜ್ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ. ಸಹಪಾಠಿಗಳು ನೀರಿನ ಬಾಟಲಿ ಹಿಡಿದು, ಕಾಲು ಚಾಚಿ ಕೂತಿದ್ದರು.

ಕರಡಿನಲ್ಲಿದ್ದುದನ್ನೇ ಅವನು ಒಪ್ಪಿಸತೊಡಗಿದ. ಹಾರ್ಟ್‌ವಿಗ್ ಕೈಕಟ್ಟಿ ಕೂತರು. ಸೂತ್ರ ಬಂತು. ಅದರ ಮುಂದೆ ಫೈರೋಜ್ ನಿಂತುಬಿಟ್ಟ. ಕೊನೆಯ ಸಾಲಿನತ್ತ, ನನ್ನ ಕಡೆಗೆ ನೋಡಿದ. ಊರಿನಲ್ಲಿ ನೀರು ಕುಡಿಯಲು ಹೋಗಬೇಕಾದರೂ ಹಾಗೇ ನೋಡುತ್ತಿದ್ದ. ನನ್ನ ತಲೆ ಒಪ್ಪಿಗೆಗೆ ಆಡುವುದರಲ್ಲಿತ್ತು. ತಟ್ಟನೆ ಬಗ್ಗಿ ಚೀಲದಲ್ಲಿ ಕನ್ನಡಕ ಹುಡುಕತೊಡಗಿದೆ. ಕನ್ನಡಕ ಮೂಗಿನ ಮೇಲೇ ಇತ್ತು. ಪಕ್ಕದವಳು ತಿರುಗಿ ನೋಡಿದಳು.

"ನೀರು ನಿಧಾನವಾದಾಗ ಈ ಸೂತ್ರ ಕೂಡುವುದಿಲ್ಲ" ಎನ್ನುವುದು ಕೇಳಿಸಿತು. ಇಂಗ್ಲಿಷಿನಲ್ಲಿ, ತೀರ ಸಣ್ಣ ದನಿಯಲ್ಲಿ. "ನಾನು ಅಳೆದು ನೋಡಿದ್ದೇನೆ."

ಹಾರ್ಟ್‌ವಿಗ್ ಕಟ್ಟಿದ ಕೈ ಬಿಚ್ಚಿದರು. ಆಮೇಲೆ ನಡೆದದ್ದನ್ನು ಪರೀಕ್ಷೆ ಎಂದು ನಾನು ಕರೆಯಲಾರೆ. ಮರಳಿನ ಗಾತ್ರ ಎಷ್ಟು, ಪಂಪು ಅದುರಿದರೆ, ಗೋಡೆಯ ಗಾಜು ಬಾಗಿದ್ದರೆ ಎಂದು ಅವರು ಒಂದರ ಮೇಲೊಂದು ಕೇಳಿದರು. ಮುಖ ಕೆಂಪೇರಿತ್ತು. ಸಂಕೋಚದ ಹುಡುಗನಿಗೆ ಸ್ವಲ್ಪ ಉಸಿರಾಡಲು ಬಿಡಿ ಎಂದು ಎದ್ದು ಹೇಳಬೇಕೆನ್ನಿಸಿತು. ಫೈರೋಜ್ ಒಂದೊಂದಕ್ಕೂ ಉತ್ತರ ಕೊಟ್ಟ. ಮೊದಲಿಗೆ ಪ್ರತಿ ಉತ್ತರಕ್ಕೂ ಸರ್ ಎನ್ನುತ್ತಿದ್ದ, ಕ್ರಮೇಣ ಅದು ಬಿಟ್ಟುಹೋಯಿತು. ನಿಗದಿಯ ಹೊತ್ತು ಮೀರಿತು. ಪರೀಕ್ಷಕಿ ಗಡಿಯಾರ ನೋಡಿದಳು, ಇಬ್ಬರಿಗೂ ಅದರ ಪರಿವೆಯಿರಲಿಲ್ಲ.

ಹಾರ್ಟ್‌ವಿಗ್ ಎದ್ದು ಬೋರ್ಡಿನ ಬಳಿ ಹೋದರು. ಸೂತ್ರವನ್ನು ಉದ್ದಕ್ಕೂ ಬಿಡಿಸಿ ಬರೆದು, "ಹಾಗಾದರೆ ತಪ್ಪು ಎಲ್ಲಿದೆ, ತೋರಿಸು" ಎಂದರು.

ಫೈರೋಜ್ ಡಸ್ಟರ್ ತೆಗೆದುಕೊಂಡ. ಪ್ರೊಫೆಸರರು ಬರೆದದ್ದರಲ್ಲಿ ನಡುವಿನ ಒಂದು ಪದವನ್ನು ಅವರ ಎದುರೇ ಒರೆಸಿಹಾಕಿದ.

ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಅವರು ಹೊರಗೆ ಹೋಗುವವರೆಗೆ ನಮ್ಮಲ್ಲಿ ಯಾರೂ ಒರೆಸುವುದಿಲ್ಲ. "ಏಯ್!" ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. ಯಾರಿಗೂ ಕೇಳಿಸಲಿಲ್ಲ. ಹಾರ್ಟ್‌ವಿಗ್ ಬೋರ್ಡಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಒರೆಸಿದ ಜಾಗವನ್ನು ನೋಡುತ್ತ ನಿಂತರು.

"ನನಗೆ ಇನ್ನೂ ಒಪ್ಪಿಗೆಯಾಗಿಲ್ಲ" ಎಂದರು ಕೊನೆಗೆ. "ಕಾಲುವೆಯಲ್ಲಿ ತೋರಿಸಬೇಕು."

ಫೈರೋಜ್‌ನ ಮುಖದಲ್ಲಿ ರಕ್ತವಿರಲಿಲ್ಲ. ಫಲಿತಾಂಶಕ್ಕೆ ಹೊರಗೆ ಕಾದೆವು. ಎಲ್ಲ ಮುಗಿಯಿತು ಎಂದೇ ಇಬ್ಬರೂ ನಂಬಿದ್ದೆವು. ಪರೀಕ್ಷಕಿ ಬಂದು ಕೈಕುಲುಕಿ, ಅತ್ಯುತ್ತಮ ದರ್ಜೆಯಲ್ಲಿ ಪಾಸಾಗಿದ್ದೀಯೆ ಎಂದಳು. ಅವನು ಕೇಳಿಸದವನಂತೆ ನಿಂತ. "ಆದ್ರೆ ಸರ್ ಒಪ್ಲಿಲ್ಲ ಅಲ್ವಾ ಮೇಡಂ" ಎಂದ ನನ್ನ ಹತ್ತಿರ. ಒಪ್ಪದವರು ಪಾಸು ಮಾಡುವುದು ಹೇಗೆ ಎಂದು ನನಗೂ ಅರ್ಥವಾಗಲಿಲ್ಲ. ಒಪ್ಪದ ಕಾರಣಕ್ಕೇ ಹಾರ್ಟ್‌ವಿಗ್ ಅವನನ್ನು ಪಿಎಚ್.ಡಿ.ಗೆ ಅಲ್ಲೇ ಉಳಿಸಿಕೊಂಡರು ಎಂದು ಸಂಜೆ ತಿಳಿಯಿತು. ನಮ್ಮ ಒಪ್ಪಂದಕ್ಕೂ ಹೂಂ ಎಂದರು. ಡಾರ್ಮ್‌ಸ್ಟಾಟ್‌ಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ನಾನು ಚೆನ್ನಾಗಿ ಅತ್ತೆ.

ಮತ್ತೆ ವಿಮಾನ ನಿಲ್ದಾಣ

ಫೈರೋಜ್ ಮತ್ತೆ ಪೆಟ್ಟಿಗೆ ಹೊತ್ತು ಬಂದ. ಚೆಕ್-ಇನ್ ಮುಗಿಸಿ, ಕಾಫಿ ಹಿಡಿದು ಕೂತೆವು.

"ಮುಂದಿನ ವರ್ಷ ಸಂದೀಪ, ವಿನುತಾ ಬರ್ತಾರೆ. ನೀನು ಇಲ್ಲೇ ಇರ್ತೀಯಲ್ಲ, ಸ್ವಲ್ಪ ನೋಡ್ಕೋ" ಎಂದೆ.

"ಸಂದೀಪನನ್ನು ಕಳಿಸ್ಬೇಡಿ ಮೇಡಂ."

ನಾನು ಕಾಫಿ ಕೆಳಗಿಟ್ಟೆ. "ಎಂತ ಹೇಳಿದೆ?"

"ಅವ ಪಾಪದವ. ಇಲ್ಲಿ ಬಂದ್ರೆ ನನ್ನ ಹಾಗೆ ನಿಂತ್ಕೊಳ್ತಾನೆ. ಪ್ರತಿ ಸಲ ನೀವು ಬರ್ಲಿಕ್ಕೆ ಆಗುದಿಲ್ಲ. ಜೋಯ್ಸ್‌ಳನ್ನು ಕಳಿಸಿ."

ಜೋಯ್ಸ್ ಎಂದರೆ ಪಾಠದ ನಡುವೆ ಕೈ ಎತ್ತಿ, "ಅದು ಹೇಗೆ ಮೇಡಂ?" ಎಂದು ಕೇಳಿ ಕೇಳಿ ನನ್ನ ತಲೆ ತಿನ್ನುವ ಹುಡುಗಿ. ಅಂಕ ಸಾಧಾರಣ.

"ಸಂದೀಪ ಕ್ಲಾಸಿಗೇ ಫಸ್ಟ್" ಎಂದೆ.

"ನಾನು ಸಹ ಫಸ್ಟೇ ಅಲ್ವಾ ಮೇಡಂ."

"ಯಾರನ್ನು ಕಳಿಸ್ಬೇಕು ಅಂತ ನೀನು ನಂಗೆ ಕಲಿಸ್ಬೇಡ. ನಾಲ್ಕು ಜನ ಕೂತು ಆರಿಸಿದ್ದು."

"ನಿಮಗೆ ಬೇಸರ ಆಗ್ತದೆ ಅಂತ ಗೊತ್ತುಂಟು. ಆದ್ರೂ ಆರಿಸಿದ್ದು ಸರಿ ಇಲ್ಲ ಮೇಡಂ" ಎಂದ. ತಲೆ ತಗ್ಗಿಸಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂತು. ಸರಿಯಾಗಿ ಹೋಗಿ ಬರ್ತೇನೆ ಎಂದೂ ಹೇಳದೆ ಒಳಗೆ ನಡೆದೆ. ವಿಮಾನದಲ್ಲಿ ಅವನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತ ಕೂತೆ. ಅರಬ್ಬಿ ಸಮುದ್ರ ಬರುವಷ್ಟರಲ್ಲಿ ನನ್ನ ಉತ್ತರಗಳು ಮುಗಿದಿದ್ದವು.

ಊರು

ಸಂದೀಪನ ಬದಲು ಜೋಯ್ಸ್ ಹೋಗಲಿ ಎಂದು ನಮ್ಮ ಆಯ್ಕೆ ಸಮಿತಿಯನ್ನು ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು. ಜೋಯ್ಸ್‌ಳಿಗೆ ತಿಳಿಸಿದಾಗ, "ನನ್ನನ್ನು ಯಾಕೆ ಮೇಡಂ?" ಎಂದು ಕೇಳಿದಳು.

ಸಂದೀಪನಿಗೆ ಹೇಳುವ ಕೆಲಸವೂ ನನ್ನದೇ. ಅವನನ್ನು ಸ್ಟಾಫ್‌ರೂಮಿಗೆ ಕರೆಸಿದೆ. ಈ ವರ್ಷ ನಿನ್ನ ಬದಲು ಬೇರೆಯವರು ಹೋಗುತ್ತಾರೆ ಎಂದಷ್ಟೇ ಹೇಳಿ ನಿಲ್ಲಿಸಿದೆ. ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ, ಮಂಗಳೂರಿನ ಬಿಜೈಯಲ್ಲಿ ಜರ್ಮನ್ ಪಾಠಕ್ಕೂ ಹೋಗುತ್ತಿದ್ದ ಹುಡುಗ. ಯಾಕೆ ಎಂದು ಅವನು ಕೇಳಲಿ ಎಂದು ನಾನು ಕಾದೆ. 'ಇದು ಅನ್ಯಾಯ ಮೇಡಂ' ಎಂದು ಅವನು ಒಂದು ಮಾತು ಆಡಿದ್ದರೆ ಸಮಿತಿಯನ್ನು ಮತ್ತೆ ಒಪ್ಪಿಸಿ ಅವನನ್ನೇ ಕಳಿಸುವುದೆಂದು ಅವನು ಒಳಗೆ ಬರುವ ಮೊದಲೇ ನಿಶ್ಚಯಿಸಿಕೊಂಡಿದ್ದೆ. ಪಕ್ಕದ ಮೇಜಿನವರು ಎದ್ದು ಹೋದರು. ಆದರೂ ನಾನು ಕಾದೆ.

"ಆಗ್ಬಹುದು ಮೇಡಂ" ಎಂದ ಸಂದೀಪ. "ನಾನು ಹೋಗ್ಬಹುದಾ?"